ಗೇಟಿನ ಬಳಿ



ಹೊಸ ಕಾರು ಕೊಂಡ ದಿನ ಅದನ್ನು ನೇರವಾಗಿ ಮನೆಗೆ ಒಯ್ಯದೆ ದೇವಾಲಯದ ಮುಂದೆ ತಂದು ನಿಲ್ಲಿಸಿದವರು ನಿಮ್ಮಲ್ಲಿ ಅನೇಕರಿರಬಹುದು. ನಾನೂ ಅವರಲ್ಲೊಬ್ಬ. 2004ರ ಮೇ ತಿಂಗಳ ಒಂದು ಶನಿವಾರ ಸಂಜೆ, ಲೂರ್ದುಮಾತೆಯ ಗವಿಯ ಎದುರು ನಮ್ಮ ಮೊದಲ ಕಾರು ನಿಂತಿತ್ತು. ನನ್ನ ಹೆಂಡತಿ ಅದಕ್ಕೆ ಮಲ್ಲಿಗೆಯ ಹಾರ ಹಾಕಿದ್ದಳು. ಗುರುಗಳು ಪ್ರಾರ್ಥನೆ ಮಾಡಿ, ನಾಲ್ಕೂ ಬಾಗಿಲು ತೆರೆಸಿ, ತೀರ್ಥ ಚಿಮುಕಿಸಿದರು. ಮಕ್ಕಳು ಹಿಂದಿನ ಸೀಟಿನಲ್ಲಿ ಮೈಗೆ ಮೈ ತಾಗಿಸಿ ಕುಳಿತು ಕೈ ಜೋಡಿಸಿದ್ದರು. ಕನ್ನಡಿಗೆ ಜಪಸರ ಕಟ್ಟಿದೆವು. ಮೂವತ್ತು ವರ್ಷ ಸೈಕಲ್ಲು, ಬಸ್ಸು, ಆಮೇಲೆ ಸ್ಕೂಟರಿನಲ್ಲಿ ಓಡಾಡಿದವನಿಗೆ ಅಂದು ಆದ ಆನಂದವನ್ನು ಇಂದು ಅಲ್ಲಗಳೆಯಲಾರೆ. ಆ ಆನಂದದಲ್ಲಿ ಪಾಪವಿತ್ತೆಂದೂ ನಾನು ಹೇಳಲಾರೆ. ಮಳೆಯಲ್ಲಿ ತೋಯದೆ ಮಕ್ಕಳನ್ನು ಶಾಲೆಗೆ ಮುಟ್ಟಿಸುವುದು, ಕಾಯಿಲೆಯ ತಾಯಿಯನ್ನು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ಯುವುದು, ಇವೆಲ್ಲ ಆ ಕಾರಿನಿಂದ ನಡೆದವು. ಅದಕ್ಕಾಗಿ ದೇವರಿಗೆ ವಂದನೆ ಸಲ್ಲಿಸಿದ್ದೇನೆ.

ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವುದು ಅದೇ ಕಾರು ನಮ್ಮ ದೇವಾಲಯದ ಗೇಟಿನ ಬಳಿ ನಿಂತಿದ್ದ ಸುಮಾರು ಹತ್ತು ನಿಮಿಷಗಳ ಸಂಗತಿಯನ್ನು. ಆದರೆ ಅದಕ್ಕೆ ಮೊದಲು ಒಂದು ಮರದ ವಿಷಯ ಹೇಳಬೇಕು.

ನಮ್ಮದು ಬೆಂಗಳೂರಿನ ಒಂದು ಹಳೆಯ ಧರ್ಮಕೇಂದ್ರ. ದೇವಾಲಯದ ಬಲಗಡೆ ವಿಶಾಲವಾದ ಅಂಗಳವಿತ್ತು. ಅದರಲ್ಲಿ ಮೂರು ಹೊಂಗೆಯ ಮರಗಳಿದ್ದವು. ಭಾನುವಾರ ಧರ್ಮೋಪದೇಶದ ತರಗತಿಗಳು ಆ ನೆರಳಿನಲ್ಲಿಯೇ ನಡೆಯುತ್ತಿದ್ದವು. ನನ್ನ ಮಗಳು ಪ್ರಥಮ ಪರಮಪ್ರಸಾದದ ಪಾಠಗಳನ್ನು ಕಲಿತದ್ದು ಅಲ್ಲಿ. ಕಾರುಗಳು ಹೆಚ್ಚಿದಂತೆ ಅವು ಅಂಗಳದೊಳಕ್ಕೆ ಬಂದವು; ಮಳೆಗಾಲದಲ್ಲಿ ಚಕ್ರಗಳು ಕೆಸರಿನಲ್ಲಿ ಹೂತುಕೊಂಡವು; ಬೇಸಿಗೆಯಲ್ಲಿ ಹೊಂಗೆಯ ಹೂವು, ಹಕ್ಕಿಗಳ ಹಿಕ್ಕೆ ಕಾರಿನ ಮೇಲೆ ಬೀಳುತ್ತದೆಂಬ ದೂರುಗಳೂ ಬಂದವು. 2011ರಲ್ಲಿ ಪಾಲನಾ ಸಮಿತಿಯ ಸಭೆ ಕೂಡಿತು. ಎರಡು ಮರಗಳನ್ನು ಕಡಿದು, ಅಂಗಳಕ್ಕೆ ಕಾಂಕ್ರೀಟು ಹಾಸಿ, ಬಿಳಿಯ ಗೆರೆ ಎಳೆದು, ಕಾರುಗಳಿಗೆ ವ್ಯವಸ್ಥಿತವಾದ ಜಾಗ ಮಾಡಿಕೊಡಬೇಕೆಂದು ನಿರ್ಣಯವಾಯಿತು. ಆ ನಿರ್ಣಯದ ಪರವಾಗಿ ಅತ್ಯಂತ ಉತ್ಸಾಹದಿಂದ ಮಾತನಾಡಿದವರಲ್ಲಿ ನಾನೂ ಒಬ್ಬ. ಮನೆಗೆ ಬಂದವರಿಗೆ ಕೂರಲು ಜಾಗ ಕೊಡಬೇಡವೇ, ದೇವರ ಮನೆಗೆ ಬಂದವರಿಗೆ ಕಾರು ನಿಲ್ಲಿಸಲು ಜಾಗ ಬೇಡವೇ ಎಂದು ನಾನು ಕೇಳಿದ್ದೆ. ಅದು ಬಹಳ ಚೆನ್ನಾದ ವಾದವೆಂದು ಆಗ ನನಗೆ ಅನಿಸಿತ್ತು. ಧರ್ಮೋಪದೇಶದ ತರಗತಿಗಳು ಶಾಲಾ ಕಟ್ಟಡದ ಎರಡನೆಯ ಮಹಡಿಗೆ ಹೋದವು.

ಇನ್ನು ಗೇಟಿನ ವಿಷಯ. 2023ರ ಆಗಮನ ಕಾಲದ ಎರಡನೆಯ ಭಾನುವಾರ. ಅಂದು ಪ್ರಭುವಿನ ಹಾದಿಯನ್ನು ಸಿದ್ಧಪಡಿಸಿರೆಂದು ಸ್ನಾನಿಕ ಯೊವಾನ್ನರು ಕರೆ ಕೊಡುವ ಶುಭಸಂದೇಶ ಓದಲಾಗಿತ್ತು. ನಮ್ಮಲ್ಲಿ ಬೆಳಗಿನ ಎರಡು ಬಲಿಪೂಜೆಗಳ ನಡುವೆ ಅರ್ಧ ಗಂಟೆಯೂ ಬಿಡುವಿರುವುದಿಲ್ಲ. ಮೊದಲನೆಯ ಪೂಜೆಗೆ ಬಂದವರು ಹೊರಗೆ ಹೊರಡುವಾಗ ಎರಡನೆಯದಕ್ಕೆ ಬಂದವರು ಒಳಗೆ ನುಗ್ಗುತ್ತಾರೆ. ಗೇಟು ಒಂದೇ. ಹೀಗಾಗಿ ಪ್ರತಿ ಭಾನುವಾರ ಗೇಟಿನ ಬಳಿ ಕಾರುಗಳು ಎದುರುಬದುರಾಗಿ ನಿಂತು, ಎಂಜಿನ್ ಗುರುಗುಟ್ಟುತ್ತ, ಹಾರ್ನು ಬಡಿಯುತ್ತ ಕಾಯುತ್ತವೆ. ಶಾಂತಿಯಿಂದ ತೆರಳಿರೆಂದು ಗುರುಗಳು ಹೇಳಿದ ಐದನೆಯ ನಿಮಿಷಕ್ಕೆ ನಮ್ಮ ಶಾಂತಿ ಅಲ್ಲಿ ಕರಗಿಹೋಗುತ್ತದೆ!

ಆ ಗೇಟಿನ ಪಕ್ಕದಲ್ಲಿ ಮೇಣದಬತ್ತಿ ಮತ್ತು ಹೂವು ಮಾರುವ ಒಬ್ಬ ಹೆಣ್ಣುಮಗಳು ಬಹಳ ವರ್ಷಗಳಿಂದ ಕೂರುತ್ತಾಳೆ. ಅಂದು ಅವಳ ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ಗೋಡೆಗೆ ಒರಗಿ ಕುಳಿತಿದ್ದ. ಡಿಸೆಂಬರಿನ ಚಳಿ, ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ನನ್ನ ಕಾರು ಸರದಿಯಲ್ಲಿ ನಿಂತಾಗ ಅದರ ಹಿಂಭಾಗ ಸರಿಯಾಗಿ ಅವರ ಮುಂದೆ ಬಂದಿತ್ತು. ಅವಳು ಎದ್ದು ಬಂದು ಗಾಜನ್ನು ಮೆಲ್ಲಗೆ ತಟ್ಟಿದಳು.

"ಸಾರ್, ತಪ್ಪು ತಿಳ್ಕೋಬೇಡಿ. ಗಾಡಿ ಸ್ವಲ್ಪ ಆಫ್ ಮಾಡ್ತೀರಾ? ಮಗೂಗೆ ಗೂರ್ಲು. ನಿನ್ನೆ ರಾತ್ರಿ ಆಸ್ಪತ್ರೇಲಿ ಮಾಸ್ಕ್ ಹಾಕ್ಸ್ಕೊಂಡು ಬಂದ್ವಿ."

ನಾನು ಕೊಟ್ಟ ಉತ್ತರ ಇದು: "ಎಲ್ಲಾ ಗಾಡಿನೂ ಸ್ಟಾರ್ಟ್‌ನಲ್ಲೇ ಇದೆಯಲ್ಲಮ್ಮಾ, ನಾನೊಬ್ಬ ಆಫ್ ಮಾಡಿದ್ರೆ ಏನು ಬಂತು?" ಹೀಗೆ ಹೇಳಿ ಗಾಜನ್ನು ಏರಿಸಿದೆ. ಸಿಟ್ಟಿನಿಂದ ಏರಿಸಲಿಲ್ಲ. ಹೊರಗಿನ ಹೊಗೆ ಒಳಗೆ ಬರುತ್ತಿತ್ತು, ಅದಕ್ಕಾಗಿ ಏರಿಸಿದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿ ಏನೂ ಮಾತನಾಡಲಿಲ್ಲ. ಮನೆಗೆ ಬಂದು ಉಪಾಹಾರಕ್ಕೆ ಕುಳಿತಾಗ, "ಒಳಗೆ ಬರಬಾರದೂಂತ ನೀವು ಗಾಜು ಹಾಕಿದ ಹೊಗೇನೇ ಅಲ್ವಾ ಆ ಮಗು ಕುಡೀತಿದ್ದದ್ದು?" ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ನಾನು ಕೇಳಿದ ಪ್ರಬೋಧನೆಗಳಲ್ಲಿ ಇಷ್ಟು ಚಿಕ್ಕದು ಮತ್ತೊಂದಿಲ್ಲ.

ಧನಿಕ ಮತ್ತು ಲಾಜರನ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ಲಾಜರನು ಬಿದ್ದಿದ್ದದ್ದು ಎಲ್ಲಿ? ಧನಿಕನ ಮನೆಯ ಬಾಗಿಲಿನ ಬಳಿ. ಆ ಧನಿಕ ಲಾಜರನನ್ನು ಹೊಡೆದನೆಂದಾಗಲಿ, ಬೈದನೆಂದಾಗಲಿ, ಅವನ ಪಾಲನ್ನು ಕಿತ್ತುಕೊಂಡನೆಂದಾಗಲಿ ಸಂತ ಲೂಕರು ಎಲ್ಲಿಯೂ ಬರೆದಿಲ್ಲ. ದಿನವೂ ಅವನನ್ನು ದಾಟಿ ಒಳಗೆ ಹೊರಗೆ ಓಡಾಡಿದ, ಅಷ್ಟೆ. ನಾನಾದರೋ ಬರಿದೆ ದಾಟಿ ಹೋಗಲಿಲ್ಲ. ದಾಟುವಾಗ ಅವನ ಮುಖಕ್ಕೆ ಹೊಗೆ ಬಿಟ್ಟು ಹೋದೆ. ಸಾಮತಿಯ ಧನಿಕನಿಗಿಂತ ನಾನು ಒಂದು ಹೆಜ್ಜೆ ಮುಂದೆಯೇ ಇದ್ದೆ.

ಆ ವಾರ ನನಗೆ ಹೊಗೆಯ ವಿಷಯ ತಿಳಿದುಕೊಳ್ಳಬೇಕೆನಿಸಿತು. ನಮ್ಮ ಧರ್ಮಕೇಂದ್ರದವನೇ ಆದ ಒಬ್ಬ ಮೆಕ್ಯಾನಿಕ್ ಯುವಕನಿದ್ದಾನೆ. ನನ್ನ ಕಾರಿನ ಸರ್ವೀಸನ್ನು ಅವನೇ ಮಾಡುವುದು. ಕಾರು ಸರಿಯಾಗಿದೆ, ಹೊಗೆ ತಪಾಸಣೆಯ ಪ್ರಮಾಣಪತ್ರವೂ ಇದೆ, ಹಾಗಿದ್ದ ಮೇಲೆ ನನ್ನ ತಪ್ಪೇನು ಎಂದು ಅವನನ್ನು ಕೇಳಿದೆ. ಅವನು ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದ. ಪೆಟ್ರೋಲ್ ಕಾರಿನ ಹೊಗೆಕೊಳವೆಯಲ್ಲಿ ವಿಷಾನಿಲಗಳನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನವಿರುತ್ತದೆ. ಆದರೆ ಅದು ಕೆಲವು ನೂರು ಡಿಗ್ರಿಯಷ್ಟು ಕಾದ ಮೇಲೆಯೇ ತನ್ನ ಕೆಲಸ ಆರಂಭಿಸುವುದು. ರಾತ್ರಿಯೆಲ್ಲ ತಣ್ಣಗೆ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿದ ಮೊದಲ ಕೆಲವು ನಿಮಿಷಗಳಲ್ಲಿ ಹೊರಬರುವ ಹೊಗೆಯೇ ಅತ್ಯಂತ ಕೊಳಕು. "ಅಂಕಲ್, ನಿಮ್ಮ ಮನೆಯಿಂದ ಚರ್ಚಿಗೆ ಎಷ್ಟು ದೂರ?" ಎಂದು ಅವನು ಕೇಳಿದ. ಒಂದೂವರೆ ಕಿಲೋಮೀಟರು. "ಹಾಗಾದ್ರೆ ಅದು ಬಿಸಿಯಾಗೋದೇ ನೀವು ಗೇಟಿನ ಹತ್ರ ಬಂದಾಗ" ಎಂದು ನಕ್ಕ.

ಒಂದೂವರೆ ಕಿಲೋಮೀಟರು! ಬಾಲ್ಯದಲ್ಲಿ ನಾವು ಪೂಜೆಗೆ ಅದರ ಮೂರರಷ್ಟು ದೂರ ನಡೆಯುತ್ತಿದ್ದೆವು, ಅದೂ ಪರಮಪ್ರಸಾದಕ್ಕಾಗಿ ಹೊಟ್ಟೆ ಖಾಲಿ ಇಟ್ಟುಕೊಂಡು.

ಹೊಗೆಯಲ್ಲಿರುವ ಅನಿಲಗಳಿಗಿಂತ ಹೆಚ್ಚು ಭಯಂಕರವಾದದ್ದು ಅದರಲ್ಲಿನ ಸೂಕ್ಷ್ಮ ಕಣಗಳು. 2.5 ಮೈಕ್ರಾನಿಗಿಂತ ಚಿಕ್ಕದಾದ ಈ ಕಣಗಳು ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಭಾಗದಷ್ಟೂ ಇರುವುದಿಲ್ಲ. ಮೂಗಿನ ರೋಮಗಳು ಅವುಗಳನ್ನು ತಡೆಯಲಾರವು. ಅವು ಶ್ವಾಸಕೋಶದ ಆಳಕ್ಕಿಳಿದು, ಅಲ್ಲಿಂದ ರಕ್ತಕ್ಕೂ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು ಪರಿಷ್ಕರಿಸಿ, ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಇವು 5 ಮೈಕ್ರೋಗ್ರಾಮ್ ಮೀರಬಾರದೆಂದು ಹೇಳಿತು. ನಮ್ಮ ದೇಶದಲ್ಲಿ 2009ರಲ್ಲಿ ಗೊತ್ತುಪಡಿಸಿದ ಮಿತಿ 40. ಬೆಂಗಳೂರಿನ ಗಾಳಿ ಈ ಎರಡು ಅಂಕಿಗಳ ನಡುವೆ ಎಲ್ಲೋ ಇದೆ. ನಮ್ಮ ಕಾಯಿದೆಯ ಪ್ರಕಾರ ಪರವಾಗಿಲ್ಲ, ನಮ್ಮ ಶ್ವಾಸಕೋಶದ ಪ್ರಕಾರ ಪರವಾಗಿದೆ! ಅಲ್ಲದೆ ನಗರದ ಸರಾಸರಿ ಬೇರೆ, ಕಾರಿನ ಹೊಗೆಕೊಳವೆಯಿಂದ ನಾಲ್ಕಡಿ ದೂರದಲ್ಲಿ ನೆಲದ ಮೇಲೆ ಕುಳಿತ ಮಗುವಿನ ಮೂಗಿನ ಎತ್ತರದ ಗಾಳಿ ಬೇರೆ. ಮಕ್ಕಳು ನಮಗಿಂತ ವೇಗವಾಗಿ ಉಸಿರಾಡುತ್ತಾರೆ. ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ.

ಇಂಥ ಒಂದು ಮಗುವಿನ ಹೆಸರು ಇಂದು ಲೋಕಕ್ಕೆಲ್ಲ ಗೊತ್ತು. ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಬಾಲಕಿ ಲಂಡನ್ನಿನ ಲೂಯಿಶಮ್ ಎಂಬಲ್ಲಿ, ಸದಾ ವಾಹನಗಳು ಕಿಕ್ಕಿರಿದಿರುವ ಸೌತ್ ಸರ್ಕ್ಯುಲರ್ ಎಂಬ ಹೆದ್ದಾರಿಯ ಸಮೀಪದಲ್ಲಿ ವಾಸವಾಗಿದ್ದಳು. ತೀವ್ರ ಉಬ್ಬಸದಿಂದ ಮೂರು ವರ್ಷಗಳಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಬಾರಿ ಆಸ್ಪತ್ರೆ ಸೇರಿದಳು. 2013ರ ಫೆಬ್ರವರಿಯಲ್ಲಿ, 9ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ತಾಯಿ ರೋಸಮಂಡ್ ಸುಮ್ಮನೆ ಕೂರಲಿಲ್ಲ. ಏಳು ವರ್ಷಗಳಿಗೂ ಮೀರಿದ ಹೋರಾಟದ ನಂತರ, 2020ರ ಡಿಸೆಂಬರಿನಲ್ಲಿ, ಮರಣ ವಿಚಾರಣೆಯ ಅಧಿಕಾರಿಯು ಆ ಮಗುವಿನ ಸಾವಿಗೆ ವಾಯುಮಾಲಿನ್ಯವೂ ಒಂದು ಕಾರಣವೆಂದು ತೀರ್ಪಿತ್ತರು. ಬ್ರಿಟನ್ನಿನಲ್ಲಿ ಸಾವಿನ ಕಾರಣಗಳ ಪಟ್ಟಿಯಲ್ಲಿ ಗಾಳಿಯ ಕೊಳೆ ಹೀಗೆ ಅಧಿಕೃತವಾಗಿ ದಾಖಲಾದದ್ದು ಅದೇ ಮೊದಲು. ತೀರ್ಪಿನಲ್ಲಿ ಯಾವ ಕಾರಿನ ಸಂಖ್ಯೆಯೂ ಇರಲಿಲ್ಲ. ಇರುವುದಾದರೂ ಹೇಗೆ? ಆ ರಸ್ತೆಯಲ್ಲಿ ಹೋದ ಪ್ರತಿಯೊಬ್ಬನೂ, ನಾನೊಬ್ಬ ಹೋಗದಿದ್ದರೆ ಏನು ಬಂತು ಎಂದೇ ಅಂದುಕೊಂಡಿದ್ದಿರಬೇಕು.

ಇದಕ್ಕೆ ಪರಿಹಾರವೇ ಇಲ್ಲವೇ ಎಂದು ನೀವು ಕೇಳಬಹುದು. ಕೆಲವು ನಗರಗಳು ಧೈರ್ಯ ಮಾಡಿವೆ. ಲಂಡನ್ 2003ರ ಫೆಬ್ರವರಿಯಲ್ಲಿ ನಗರದ ಕೇಂದ್ರಭಾಗಕ್ಕೆ ಬರುವ ಕಾರುಗಳಿಗೆ ದಿನಕ್ಕೆ 5 ಪೌಂಡುಗಳ ಶುಲ್ಕ ವಿಧಿಸಿತು. 2019ರಲ್ಲಿ ಹೆಚ್ಚು ಹೊಗೆಯುಗುಳುವ ಹಳೆಯ ವಾಹನಗಳ ಮೇಲೆ ಬೇರೆಯೇ ಶುಲ್ಕ ಹಾಕಿ, 2023ರ ಆಗಸ್ಟಿನಲ್ಲಿ ಅದನ್ನು ಇಡೀ ಲಂಡನ್ನಿಗೆ ವಿಸ್ತರಿಸಿತು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನ ಕಥೆ. ಅಲ್ಲಿ ಇಂಥ ಶುಲ್ಕದ ಮಾತೆತ್ತಿದಾಗ ಜನರಲ್ಲಿ ಬಹುಪಾಲು ವಿರೋಧವೇ ಇತ್ತು. ಆಡಳಿತದವರು ಮೊದಲು ಬಸ್ಸುಗಳನ್ನು ಹೆಚ್ಚಿಸಿದರು. ಅನಂತರ 2006ರ ಜನವರಿಯಿಂದ ಜುಲೈವರೆಗೆ, ಬರಿಯ ಏಳು ತಿಂಗಳು, ಪ್ರಯೋಗವೆಂದು ಶುಲ್ಕ ಜಾರಿಗೆ ತಂದರು. ನಗರದ ಒಳಕ್ಕೆ ಹೋಗಿಬರುವ ವಾಹನಗಳಲ್ಲಿ ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಪ್ರಯೋಗ ಮುಗಿದೊಡನೆ ದಟ್ಟಣೆ ಮತ್ತೆ ಏರಿತು. ಸೆಪ್ಟೆಂಬರಿನಲ್ಲಿ ಜನಮತ ಕೇಳಿದಾಗ, ಮೊದಲು ಬೇಡವೆಂದಿದ್ದ ಅದೇ ನಗರದ ಜನ ಬೇಕೆಂದರು. 2007ರ ಆಗಸ್ಟಿನಿಂದ ಅದು ಶಾಶ್ವತವಾಯಿತು. ಮುಂದೆ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ, ಗಾಳಿಯ ಮಾಲಿನ್ಯ 5ರಿಂದ 15 ಪ್ರತಿಶತ ಇಳಿದಿದೆಯೆಂದೂ, ಪುಟ್ಟ ಮಕ್ಕಳು ಉಬ್ಬಸ ಉಲ್ಬಣಿಸಿ ಚಿಕಿತ್ಸೆಗೆ ಬರುವುದು ಗಮನಾರ್ಹವಾಗಿ ತಗ್ಗಿದೆಯೆಂದೂ ಕಂಡುಕೊಂಡರು. ಗಾಳಿ ತುಸುವೇ ತಿಳಿಯಾದರೂ ಮಕ್ಕಳ ಎದೆಗೆ ಅದು ಗೊತ್ತಾಗುತ್ತದೆ.

ನಮ್ಮ ಬೆಂಗಳೂರಿನಲ್ಲಿಯೂ ಪ್ರಯತ್ನಗಳು ನಡೆಯದೆ ಇಲ್ಲ. 2010ರ ಫೆಬ್ರವರಿ 4ರಂದು ನಗರ ಸಾರಿಗೆ ಸಂಸ್ಥೆಯವರು 'ಬಸ್ ದಿನ' ಆರಂಭಿಸಿದರು. ಪ್ರತಿ ತಿಂಗಳ 4ನೆಯ ತಾರೀಖು ಸ್ವಂತ ವಾಹನ ಬಿಟ್ಟು ಬಸ್ಸಿನಲ್ಲಿ ಬನ್ನಿರೆಂದು ಕರೆ ಕೊಟ್ಟರು. ನಾನು ಮೊದಲ ತಿಂಗಳು ಹೋದೆ, ಎರಡನೆಯ ತಿಂಗಳೂ ಹೋದೆ, ಮೂರನೆಯ ತಿಂಗಳು ಮರೆತೆ. 2020ರ ನವೆಂಬರಿನಿಂದ 2021ರ ಫೆಬ್ರವರಿವರೆಗೆ ಚರ್ಚ್ ಸ್ಟ್ರೀಟಿನಲ್ಲಿ ವಾರಾಂತ್ಯಗಳಲ್ಲಿ ವಾಹನಗಳನ್ನು ನಿಷೇಧಿಸಿ, ಗಾಳಿಯ ಗುಣಮಟ್ಟವನ್ನು ಅಳೆದರು. ಆಗ ಕೋವಿಡ್ ಭಯ ಇನ್ನೂ ಹೋಗಿರಲಿಲ್ಲ. ಮಗಳ ಒತ್ತಾಯಕ್ಕೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಒಂದು ಸಂಜೆ ಹೋದೆ. ಮುಕ್ಕಾಲು ಕಿಲೋಮೀಟರೂ ಇಲ್ಲದ ಆ ಬೀದಿಯ ನಡುಮಧ್ಯದಲ್ಲಿ ಮಕ್ಕಳು ಓಡುತ್ತಿದ್ದರು. ಯಾರೋ ಗಿಟಾರ್ ನುಡಿಸುತ್ತಿದ್ದರು. ಬೆಂಗಳೂರಿನ ನಡುಭಾಗದಲ್ಲಿ ಜನರ ಮಾತು ಇಷ್ಟು ಸ್ಪಷ್ಟವಾಗಿ ಕಿವಿಗೆ ಬಿದ್ದು ಎಷ್ಟು ವರ್ಷವಾಗಿತ್ತೋ! ಪ್ರಯೋಗ ಮುಗಿಯಿತು, ವಾರಾಂತ್ಯದ ವಾಹನಗಳು ಹಿಂತಿರುಗಿದವು. ಆ ಸಂಜೆ ನಾವು ಚರ್ಚ್ ಸ್ಟ್ರೀಟಿಗೆ ಹೋದದ್ದು ಕಾರಿನಲ್ಲಿ ಎಂಬುದನ್ನೂ ಇಲ್ಲಿ ನಿವೇದಿಸಿಕೊಳ್ಳುವುದು ಉಚಿತ.

ಇಂದು ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿಯನ್ನು ದಾಟಿದೆ. ಅವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನಗಳು. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ನಿಯಮ ಬಂದು, ಹೊಸ ಗಾಡಿಗಳ ಹೊಗೆ ಮೊದಲಿಗಿಂತ ಬಹಳ ಕಡಿಮೆಯಾಗಿದೆ, ನಿಜ. ವಿದ್ಯುತ್ ಕಾರುಗಳಿಗೆ ಹೊಗೆಕೊಳವೆಯೇ ಇಲ್ಲ. ಆದರೂ ಟೈರು ಸವೆದ ಪುಡಿ, ಬ್ರೇಕಿನ ಪುಡಿ, ರಸ್ತೆಯಿಂದ ಮೇಲೇಳುವ ಧೂಳು ಉಳಿದೇ ಉಳಿಯುತ್ತವೆ. ಕಾರಿಗೆ ಬೇಕಾದ ಜಾಗವೂ ಉಳಿಯುತ್ತದೆ. ನಮ್ಮ ಎರಡು ಹೊಂಗೆಯ ಮರಗಳನ್ನು ಕಡಿಸಿದ್ದು ಹೊಗೆಯಲ್ಲ, ಜಾಗದ ಆಸೆ.

ನಾವು ಒಂದು ಮಾತನ್ನು ಮರೆಯಬಾರದು. ಕಾರು ಕಡಿಮೆ ಮಾಡಿರೆಂದು ಹೇಳುವವನು ನಡೆಯಲು ದಾರಿಯನ್ನೂ ತೋರಿಸಬೇಕು. ಆ ಡಿಸೆಂಬರಿನ ಕೊನೆಯಲ್ಲಿ ನಾನು ಮೊದಲ ಸಲ ದೇವಾಲಯಕ್ಕೆ ನಡೆದು ಹೊರಟೆ. ಒಂದೂವರೆ ಕಿಲೋಮೀಟರಿನಲ್ಲಿ ಪಾದಚಾರಿ ಮಾರ್ಗವು ನಾಲ್ಕು ಕಡೆ ಮಾಯವಾಗಿತ್ತು. ಒಂದು ಕಡೆ ಚಪ್ಪಡಿ ಬಾಯ್ದೆರೆದು ಚರಂಡಿ ಕಾಣುತ್ತಿತ್ತು. ಇನ್ನೊಂದು ಕಡೆ ಟ್ರಾನ್ಸ್‌ಫಾರ್ಮರ್. ಮತ್ತೊಂದು ಕಡೆ ಪಾದಚಾರಿ ಮಾರ್ಗದ ಮೇಲೆಯೇ ಕಾರುಗಳು. ಮೊಣಕಾಲು ನೋವಿರುವ ನನ್ನ ಹೆಂಡತಿಯನ್ನು ಈ ದಾರಿಯಲ್ಲಿ ನಡೆಸುವುದು ಪ್ರೀತಿಯ ಕೆಲಸವೆನಿಸಲಿಲ್ಲ. ನಾನು ಹಲವು ವರ್ಷ ಕಾರಿನಲ್ಲಿ ಹಾದುಹೋಗಿದ್ದರೂ ಈ ಚಪ್ಪಡಿಗಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇವು ಬಿದ್ದದ್ದು ಮೇಣದಬತ್ತಿಯ ಬುಟ್ಟಿ ಹೊತ್ತು ಬರುವವಳ ಕಣ್ಣಿಗೆ, ಮನೆಗೆಲಸಕ್ಕೆ ಹೋಗುವವರ ಕಣ್ಣಿಗೆ. ಕಾರು ಇರುವವನು ಕೇಳುವುದು ಮೇಲ್ಸೇತುವೆಯನ್ನು. ಆಳುವವರಿಗೆ ಕೇಳಿಸುವುದೂ ಅವನ ದನಿಯೇ.

2015ರಲ್ಲಿ ಜಗದ್ಗುರು ಫ್ರಾನ್ಸಿಸರು ಹೊರಡಿಸಿದ 'ಲೌದಾತೋ ಸಿ' ವಿಶ್ವಪತ್ರವನ್ನು ನಾನು ಆಗಲೇ ಕೊಂಡಿದ್ದೆ. ಕಪಾಟಿನಲ್ಲಿ ಭದ್ರವಾಗಿತ್ತು. ಆ ಜನವರಿಯಲ್ಲಿ ತೆಗೆದು ಓದಿದೆ. ಅರಣ್ಯ, ಸಾಗರ, ಹಿಮನದಿಗಳ ಬಗ್ಗೆ ಇರುತ್ತದೆಂದು ಭಾವಿಸಿದ್ದವನಿಗೆ 153ನೆಯ ಪರಿಚ್ಛೇದದಲ್ಲಿ ನಮ್ಮ ಗೇಟು ಕಾಣಿಸಿತು. ಒಬ್ಬಿಬ್ಬರೇ ಕುಳಿತ ಕಾರುಗಳು ನಗರಗಳನ್ನು ತುಂಬಿ, ದಟ್ಟಣೆಯನ್ನೂ ಮಾಲಿನ್ಯವನ್ನೂ ಹೆಚ್ಚಿಸುವ ಬಗ್ಗೆ, ಅವುಗಳಿಗಾಗಿ ಮತ್ತೆ ಮತ್ತೆ ರಸ್ತೆ ಮತ್ತು ನಿಲುಗಡೆಯ ಜಾಗ ಮಾಡಿ ನಗರವನ್ನೇ ಕೆಡಿಸಿಕೊಳ್ಳುವ ಬಗ್ಗೆ, ಸಾರ್ವಜನಿಕ ಸಾರಿಗೆಗೆ ಆದ್ಯತೆ ಕೊಡಬೇಕಾದ ಬಗ್ಗೆ ಅವರು ಅಲ್ಲಿ ಬರೆದಿದ್ದಾರೆ. ಜನರನ್ನು ಅಮಾನವೀಯವಾಗಿ ತುಂಬಿಕೊಂಡು ಹೋಗುವ ಬಸ್ಸು ರೈಲುಗಳು ಮೊದಲು ಸುಧಾರಿಸದೆ ಇದು ಸುಲಭವಾಗದೆಂಬುದನ್ನೂ ಅವರು ಬಲ್ಲರು. ಬ್ವೆನಸ್ ಐರಿಸ್‌ನ ಮಹಾಧರ್ಮಾಧ್ಯಕ್ಷರಾಗಿದ್ದಾಗ ಬಸ್ಸಿನಲ್ಲಿ, ಮೆಟ್ರೋ ರೈಲಿನಲ್ಲಿ ನಿಂತು ಪ್ರಯಾಣ ಮಾಡುತ್ತಿದ್ದವರಲ್ಲವೇ? 2013ರ ಮಾರ್ಚಿನಲ್ಲಿ ಜಗದ್ಗುರುಗಳಾಗಿ ಆಯ್ಕೆಯಾದ ಸಂಜೆಯೂ ತಮಗಾಗಿ ಕಾದಿದ್ದ ಕಾರನ್ನು ಬಿಟ್ಟು, ಇತರ ಕಾರ್ಡಿನಲರೊಡನೆ ಬಸ್ಸು ಹತ್ತಿದವರು. 2025ರ ಏಪ್ರಿಲ್ 21ರಂದು ಅವರು ಪ್ರಭುವಿನಲ್ಲಿ ನಿದ್ರೆ ಹೋದಾಗ ನನಗೆ ಮೊದಲು ನೆನಪಾದದ್ದು ಆ ಬಸ್ಸು.

2024ರ ತಪಸ್ಸುಕಾಲಕ್ಕೆ ಮುನ್ನ ನಾನು ಗುರುಗಳ ಬಳಿಗೆ ಹೋಗಿ, ಒಂದು ಭಾನುವಾರವಾದರೂ ಎಲ್ಲರೂ ನಡೆದೋ ಬಸ್ಸಿನಲ್ಲೋ ಪೂಜೆಗೆ ಬರುವಂತೆ ಕರೆ ಕೊಡಬಹುದೇ ಎಂದು ಕೇಳಿದೆ. ಗುರುಗಳು ನಕ್ಕು, "ಕಾಂಕ್ರೀಟು ಹಾಕಿಸಿದವರೇ ಕೇಳ್ತಿದ್ದೀರಾ?" ಎಂದರು. ಅವರು ಆಗ ನಮ್ಮಲ್ಲಿರಲಿಲ್ಲ, ಯಾರೋ ಹೇಳಿರಬೇಕು. ಸಮಿತಿಯಲ್ಲಿ ಚರ್ಚೆಯಾಯಿತು. ಒಬ್ಬರು, ವೃದ್ಧರ ಗತಿಯೇನು ಎಂದರು. ನ್ಯಾಯವಾದ ಮಾತು, ವೃದ್ಧರು, ಅಂಗವಿಕಲರು ಬರುವ ಕಾರುಗಳಿಗೆ ಅಡ್ಡಿಯಿಲ್ಲವೆಂದಾಯಿತು. ಇನ್ನೊಬ್ಬರು, ಇಡೀ ನಗರದ ಹೊಗೆಯ ಮುಂದೆ ನಮ್ಮ ನೂರು ಕಾರುಗಳು ಯಾವ ಲೆಕ್ಕ ಎಂದರು. ನನ್ನದೇ ಮಾತು ನನಗೆ ಹಿಂತಿರುಗಿ ಬಂದಿತ್ತು, ಉತ್ತರ ಹೇಳಲಾಗಲಿಲ್ಲ. ಆ ವರ್ಷ ಮಾರ್ಚಿನಲ್ಲಿ ಬೆಂಗಳೂರಿಗೆ ಕುಡಿಯುವ ನೀರಿಗೇ ಹಾಹಾಕಾರ. ನೀರಿನ ಟ್ಯಾಂಕರಿಗಾಗಿ ಬೀದಿಯಲ್ಲಿ ಕಾದವರಿಗೆ ಗಾಳಿಯ ಉಪದೇಶ ಯಾರಿಗೆ ಬೇಕಾಗಿತ್ತು? ಆದರೂ ಒಂದು ಭಾನುವಾರ ಗೊತ್ತಾಯಿತು.

ಅಂದು ನಾನು ಮೊದಲ ಪೂಜೆ ಮುಗಿದ ಮೇಲೆ ಗೇಟಿನ ಬಳಿ ನಿಂತು ಎಣಿಸಿದೆ. ಸಾಮಾನ್ಯವಾಗಿ ತುಂಬಿಹೋಗುವ ಅಂಗಳದಲ್ಲಿ ಹತ್ತೊಂಬತ್ತು ಕಾರುಗಳಿದ್ದವು. ಮಿಕ್ಕವುಗಳಲ್ಲಿ ಎಷ್ಟು ಮನೆಯಲ್ಲಿ ಉಳಿದವು, ಎಷ್ಟು ಪಕ್ಕದ ರಸ್ತೆಯಲ್ಲಿ ಅಡಗಿದ್ದವು ಎಂದು ನಾನು ಹುಡುಕಲು ಹೋಗಲಿಲ್ಲ. ಜನ ತಡವಾಗಿ ಬಂದರು, ಬೆವರುತ್ತ ಬಂದರು. ಆದರೆ ಪೂಜೆಯ ನಂತರ ಯಾರೂ ಬೇಗ ಹೊರಡಲಿಲ್ಲ. ಖಾಲಿಯಾದ ಕಾಂಕ್ರೀಟಿನ ಮೇಲೆ ಮಕ್ಕಳು ಬಿಳಿಯ ಗೆರೆಗಳನ್ನೇ ಅಂಕಣ ಮಾಡಿಕೊಂಡು ಕುಂಟೆಬಿಲ್ಲೆ ಆಡಿದರು. ಇಪ್ಪತ್ತು ವರ್ಷ ಒಂದೇ ಪೂಜೆಗೆ ಬಂದರೂ ಹೆಸರು ತಿಳಿಯದಿದ್ದ ಒಬ್ಬರ ಜೊತೆ ನಾನು ಮನೆಯ ತನಕ ನಡೆದೆ. ಅವರ ಮನೆ ನಮ್ಮ ಹಿಂದಿನ ಬೀದಿಯಲ್ಲಿಯೇ ಇತ್ತು.

ಎರಡು ವಾರಗಳ ನಂತರ ಪವಿತ್ರ ಗುರುವಾರ ಬಂದಿತು. ಪಾದ ತೊಳೆಯುವ ವಿಧಿಯಾದ ಮೇಲೆ ಹಲವು ದೇವಾಲಯಗಳಿಗೆ ಹೋಗಿ ಪರಮಪ್ರಸಾದದ ಮುಂದೆ ಪ್ರಾರ್ಥಿಸುವ ಪದ್ಧತಿ ನಿಮ್ಮ ಮನೆಯಲ್ಲಿಯೂ ಇರಬಹುದು. ಅಂದು ರಾತ್ರಿ ಬೆಂಗಳೂರಿನ ದೇವಾಲಯಗಳ ಮುಂದಿನ ರಸ್ತೆಗಳನ್ನು ನೀವೂ ನೋಡಿದ್ದೀರಿ. ಗೆತ್ಸೆಮನೆಯ ತೋಟಕ್ಕೆ ನಾವು ಕಾರಿನಲ್ಲಿ ಹೋಗುತ್ತೇವೆ, ಜಾಗ ಸಿಗದಿದ್ದರೆ ಸಿಡಿಮಿಡಿಗೊಳ್ಳುತ್ತೇವೆ. ನಾವು ಈ ಸಲ ಒಂದೇ ದೇವಾಲಯಕ್ಕೆ, ನಮ್ಮದಕ್ಕೆ, ಆಟೋದಲ್ಲಿ ಹೋಗಿ ಎರಡು ಗಂಟೆ ಕುಳಿತು ಬಂದೆವು.

ಮೇಣದಬತ್ತಿ ಮಾರುವ ಆ ತಾಯಿಯೊಡನೆ ಮಾತನಾಡಲು ನನಗೆ ಮೂರು ತಿಂಗಳು ಬೇಕಾಯಿತು. ಪಾಪನಿವೇದನೆಯ ಪೀಠದಲ್ಲಿ ಹೇಳಿಕೊಂಡದ್ದನ್ನು ಅವಳ ಮುಂದೆ ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು. ಶುಭ ಶುಕ್ರವಾರ ಶಿಲುಬೆಯ ಹಾದಿ ಮುಗಿದ ಮೇಲೆ ಹೋಗಿ, "ಅಮ್ಮಾ, ಆವತ್ತು ನೀನು ಗಾಡಿ ಆಫ್ ಮಾಡಿ ಅಂದಾಗ ನಾನು ಗಾಜು ಏರಿಸಿಬಿಟ್ಟೆ" ಎಂದೆ. ಅವಳಿಗೆ ನೆನಪೇ ಇರಲಿಲ್ಲ. "ಎಷ್ಟೋ ಜನ ಏರುಸ್ತಾರೆ ಸಾರ್, ನೀವು ಅಂತ ಹೆಂಗೆ ಗೊತ್ತಾಗ್ತದೆ?" ಎಂದಳು. ಹುಡುಗ ಹೇಗಿದ್ದಾನೆಂದು ಕೇಳಿದೆ. ಬೇಸಿಗೆಯಲ್ಲಿ ಪರವಾಗಿಲ್ಲ, ಚಳಿ ಬಂದರೆ ಮತ್ತೆ ಹೆಚ್ಚಾಗುತ್ತದೆ, ಇನ್ಹೇಲರ್ ತಿಂಗಳಿಗೆ ಇಷ್ಟು ರೂಪಾಯಿ ಎಂದು ಲೆಕ್ಕ ಹೇಳಿದಳು. ಮಗನನ್ನು ಗೇಟಿಗೆ ಕರೆತರುವುದನ್ನು ಅವಳು ನಿಲ್ಲಿಸಿದ್ದಳು. ಈಗ ಭಾನುವಾರ ಅವನು ಪಕ್ಕದ ಮನೆಯವರ ಬಳಿ ಇರುತ್ತಾನೆ. ಹೀಗಾಗಿ ಅವನು ಧರ್ಮೋಪದೇಶದ ತರಗತಿಗೂ ಬರುವುದಿಲ್ಲ.

ನಾನು ಕಾರನ್ನು ಮಾರಿಲ್ಲ. ಹೆಂಡತಿಯ ಮೊಣಕಾಲು ಹೆಚ್ಚು ನೋಯುವ ದಿನ, ಜಡಿಮಳೆಯ ದಿನ ಅದನ್ನು ತೆಗೆಯುತ್ತೇನೆ. ಹಿಂದಿನ ಬೀದಿಯ ಆ ಮನೆಯವರನ್ನೂ ಜೊತೆಯಲ್ಲಿ ಕೂರಿಸಿಕೊಳ್ಳುತ್ತೇನೆ. ಗೇಟಿನ ಬಳಿ ಸಾಲು ನಿಂತಾಗ ಎಂಜಿನ್ ಆರಿಸುತ್ತೇನೆ. ಹಿಂದಿನವರು ಹಾರ್ನು ಬಡಿಯುತ್ತಾರೆ. ನಡೆದು ಬರುವ ಭಾನುವಾರ ಈಗ ತಪಸ್ಸುಕಾಲಕ್ಕೆ ಒಂದರಂತೆ ನಡೆಯುತ್ತದೆ. ಉಳಿದ ಭಾನುವಾರಗಳಲ್ಲಿ ಅಂಗಳ ಹಿಂದಿನಂತೆಯೇ ತುಂಬುತ್ತದೆ.

ಬರುವ ತಿಂಗಳ ಪಾಲನಾ ಸಮಿತಿಯ ಸಭೆಗೆ ನಾನೊಂದು ಮನವಿ ಬರೆದು ಕೊಟ್ಟಿದ್ದೇನೆ. ಗೇಟಿಗೆ ಹತ್ತಿರವಿರುವ ಆರು ಕಾರುಗಳ ಜಾಗದ ಕಾಂಕ್ರೀಟನ್ನು ಒಡೆದು, ಅಲ್ಲಿ ಎರಡು ಹೊಂಗೆಯ ಸಸಿಗಳನ್ನು ನೆಟ್ಟು, ಧರ್ಮೋಪದೇಶದ ಒಂದು ತರಗತಿಯನ್ನಾದರೂ ಕೆಳಗೆ ತರಬೇಕು. ಬಲಿಪೂಜೆಗಳ ನಡುವೆ ಮುಕ್ಕಾಲು ಗಂಟೆಯ ಬಿಡುವು ಇರಬೇಕು. ಆ ಹೊತ್ತಿನಲ್ಲಿ ಗೇಟಿನ ಬಳಿ ಯಾರೂ ಎಂಜಿನ್ ಚಾಲೂ ಇಟ್ಟು ನಿಲ್ಲಬಾರದು. ಆರು ಕಾರುಗಳ ಜಾಗವೆಂದರೆ ಆರು ಕುಟುಂಬಗಳ ಅಸಮಾಧಾನ. ಅವರಲ್ಲಿ ಇಬ್ಬರು ಆಗಲೇ ನನಗೆ ಫೋನು ಮಾಡಿದ್ದಾರೆ. 2011ರ ಸಭೆಯಲ್ಲಿ ನಾನು ಆಡಿದ ಮಾತುಗಳನ್ನು ಬರೆದಿಟ್ಟ ನಡಾವಳಿ ಪುಸ್ತಕ ಇನ್ನೂ ಕಚೇರಿಯಲ್ಲಿದೆ, ಅದನ್ನು ಓದಿ ಹೇಳುತ್ತೇವೆಂದು ಒಬ್ಬರು ಎಚ್ಚರಿಸಿದರು. ಓದಲಿ ಎಂದಿದ್ದೇನೆ.